ಆಗಲಿ ಅಂತಾಳ್ರಿ

ಅವನು ಸತ್ತ ಸುದ್ದಿ ನನಗೆ ಗೊತ್ತಾದದ್ದು ಸಂತಾಪ ಸಭೆಗೆ ಕರೆಯಲು ಬಂದವರಿಂದ. ಮಿರಜಿನಿಂದ ಇಬ್ಬರು ಬಂದಿದ್ದರು. ಒಬ್ಬ ಅವನ ಅಕ್ಕನ ಮಗ, ಇನ್ನೊಬ್ಬರು ಅವನ ಓಣಿಯ ಹಿರಿಯರು. ಅವನ ಹತ್ತಿರ ಮೊಟ್ಟಮೊದಲು ಸ್ಪ್ಯಾನಿಶ್ ಕಲಿತವರ ಪೈಕಿ ಈಗ ಉಳಿದವನು ನಾನೊಬ್ಬನೇ, ಆದ್ದರಿಂದ ನಾನು ಬಂದು ನಾಲ್ಕು ಮಾತಾಡಬೇಕು ಎಂದರು. ನಮ್ಮ ಕಡೆಯ ಜನರಿಗೆ ಅಂಥ ದೂರದ ಭಾಷೆಯ ಬಾಗಿಲು ತೆರೆದವರು ಅವರೇ ಅಲ್ಲವೇ ಎಂದರು. ಚಹಾ ಕುಡಿಸಿದೆ, ಬರಲಾಗುವುದಿಲ್ಲ ಎಂದೆ. ಕಾರಣ ಕೇಳಿದ್ದಕ್ಕೆ ಮೊಣಕಾಲು ನೋವು ಎಂದೆ. ಮೊಣಕಾಲು ನೋವೇನೋ ಖರೆ. ಆದರೆ ಕಾರಣ ಅದಲ್ಲ.

ಕಾರಣವನ್ನು ಇಲ್ಲಿ ಬರೆಯುತ್ತೇನೆ. ಊರೆಲ್ಲ ಅವನನ್ನು ಮಾಸ್ತರರು ಎಂದು ಬಹುವಚನದಲ್ಲಿ ಕರೆಯುತ್ತಿತ್ತು. ಎದುರಿಗೆ ನಾನೂ ಕೊನೆಯವರೆಗೆ ‘ರಿ’ ಹಚ್ಚಿಯೇ ಮಾತಾಡಿದ್ದೇನೆ. ಈ ಬರಹದಲ್ಲಿ ಮಾತ್ರ ಅವನಿಗೆ ಏಕವಚನ. ಅವನ ಹೆಸರು ಬರೆಯುವುದಿಲ್ಲ, ಇನ್ನೂ ಇರುವ ಅವನ ಮಗಳಿಗೆ ಅದು ಬೇಡ.

ನಮ್ಮದು ಸಾಂಗಲಿ ಪೇಟೆಯಲ್ಲಿ ಅರಿಶಿನದ ಅಡತಿ ಅಂಗಡಿ, ದಲಾಲಿ ವ್ಯಾಪಾರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಆಗ ಸಾಂಗಲಿ ಒಂದು ಸಂಸ್ಥಾನ, ಮಿರಜ ಇನ್ನೊಂದು. ಸೈಕಲ್ ಹತ್ತಿದರೆ ಬೆವರು ಬರುವುದರೊಳಗೆ ಒಬ್ಬ ರಾಜರ ಸೀಮೆಯಿಂದ ಇನ್ನೊಬ್ಬ ರಾಜರ ಸೀಮೆ ಮುಟ್ಟುತ್ತಿದ್ದೆವು. ನನಗೆ ಇಪ್ಪತ್ತು ದಾಟಿತ್ತು. ಮ್ಯಾಟ್ರಿಕ್ ಮುಗಿಸಿ, ಅರಿಶಿನದ ಧೂಳು ನುಂಗುತ್ತ ಅಂಗಡಿಯಲ್ಲಿ ಕುಳಿತಿರುವುದು ಬೇಸರವಾಗಿತ್ತು. ಅಷ್ಟರಲ್ಲಿ ಮಿರಜಿಗೆ ಒಬ್ಬ ಬಂದಿದ್ದಾನೆ ಎಂಬ ಸುದ್ದಿ ಪೇಟೆಗೆ ಬಂತು. ಸ್ಪೇನಿನವರ ಆಳ್ವಿಕೆಯ ಯಾವುದೋ ದ್ವೀಪದಲ್ಲಿ ಸಿಂಧಿ ಸಾಹುಕಾರರ ರೇಶಿಮೆ ಅಂಗಡಿಯಲ್ಲಿ ಬಹಳ ವರ್ಷ ಇದ್ದವನು, ಸ್ಪೇನಿನಲ್ಲಿ ತಮ್ಮತಮ್ಮೊಳಗೇ ಯುದ್ಧ ಹತ್ತಿಕೊಂಡಾಗ ಹಡಗು ಹತ್ತಿ ಹೊರಳಿ ಬಂದವನು, ನಮ್ಮ ಪೈಕಿಯವನೇ. ಆ ಭಾಷೆ ಕಲಿಸುತ್ತಾನಂತೆ, ಕಲಿತವರನ್ನು ಅದೇ ಸಾಹುಕಾರರ ಅಂಗಡಿಗಳಿಗೆ ಶಿಫಾರಸು ಮಾಡುತ್ತಾನಂತೆ. ಅಪ್ಪ ತಕರಾರು ಮಾಡಲಿಲ್ಲ. ನಾವು ನಾಲ್ಕು ಮಂದಿ ಗೆಳೆಯರು ರವಿವಾರಕ್ಕೊಮ್ಮೆ ಅವನ ಪಡಸಾಲೆಯಲ್ಲಿ ಕೂರಲು ಶುರುಮಾಡಿದೆವು.

ದುಂಡನೆಯ ಮೈ, ಅದಕ್ಕೆ ಒಪ್ಪದ ಸಣ್ಣ ಸಣ್ಣ ಪಾದ. ಮನೆಯಲ್ಲೂ ಬಿಳಿ ಕೋಟು ಹಾಕಿಕೊಂಡೇ ಇರುತ್ತಿದ್ದ. ತಲೆಗೆ ಅಷ್ಟು ಎಣ್ಣೆ ಬಡಿದುಕೊಳ್ಳುತ್ತಿದ್ದ ಎಂದರೆ ಅವನು ಒರಗಿ ಕೂರುವ ಜಾಗದಲ್ಲಿ ಗೋಡೆಯ ಸುಣ್ಣದ ಮೇಲೆ ತಲೆಯಷ್ಟು ದೊಡ್ಡ ಕರಿ ಕಲೆ ಮೂಡಿತ್ತು. ಹೆಂಡತಿಯ ಕೂದಲಿನ ಪಿನ್ನೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ. ಪಾಠ ಹೇಳುತ್ತ ಅದರಿಂದ ಕಿವಿ ತಿರುವಿಕೊಂಡು, ತುದಿಯನ್ನು ನೋಡಿ, ಸ್ವಲ್ಪ ಹೊತ್ತಿನ ಮೇಲೆ ಅದರಿಂದಲೇ ಹಲ್ಲಿನ ಸಂದಿ ಕೆದರುತ್ತಿದ್ದ. ನಾವು ಸಾಂಗಲಿಯಿಂದ ಒಯ್ದ ಪೇಢೆಯ ಪೊಟ್ಟಣವನ್ನು ನಮ್ಮೆದುರಿಗೇ ಬಿಚ್ಚಿ, ಒಂದೊಂದಾಗಿ ತಿಂದು, ಕಾಗದಕ್ಕೆ ಅಂಟಿದ ಪುಡಿಯನ್ನು ನೆಕ್ಕುತ್ತಿದ್ದ. ಆ ಹೊತ್ತಿನಲ್ಲಿ ಮಗಳು ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಿರುತ್ತಿದ್ದಳು. ಒಂದು ದಿನವೂ ಅವಳನ್ನು ಕರೆದು ಒಂದು ಪೇಢೆ ಕೈಗೆ ಹಾಕಲಿಲ್ಲ. ಆಮೇಲೆ ನಾನೇ ಎರಡು ಪೊಟ್ಟಣ ಒಯ್ಯತೊಡಗಿದೆ. ಎರಡನ್ನೂ ಅವನೇ ತಿಂದ.

ಆದರೆ ಅವನ ಕಿವಿ ಅಸಾಧಾರಣವಾದದ್ದು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ಆಡಿ ತೋರಿಸುತ್ತಿದ್ದ. ಸ್ಪ್ಯಾನಿಶ್‌ನ ಕಂಪಿಸುವ ರಕಾರ ನಮ್ಮ ನಾಲಿಗೆಗೆ ಬರುವವರೆಗೆ ಬಿಡುತ್ತಿರಲಿಲ್ಲ. ಇವತ್ತು ನನ್ನ ಬಾಯಲ್ಲಿರುವ ಉಚ್ಚಾರ ಅವನು ತಿದ್ದಿದ್ದೇ. ಇದನ್ನು ಬರೆಯುವಾಗ ಬಾಯಿ ಮುಕ್ಕಳಿಸಬೇಕೆನಿಸುತ್ತದೆ.

ಆ ದ್ವೀಪದಿಂದ ಅವನು ಒಬ್ಬ ಹೆಂಗಸನ್ನೂ ಒಬ್ಬ ಹುಡುಗಿಯನ್ನೂ ಕರೆತಂದಿದ್ದ. ಹೆಂಗಸು ಅಲ್ಲಿ ಇಗರ್ಜಿಯಲ್ಲಿ ಅವನ ಕೈ ಹಿಡಿದವಳು, ಹುಡುಗಿ ಅವರ ಮಗಳು. ಉದ್ದ ಫ್ರಾಕು ಹಾಕುತ್ತಾಳೆಂದು ಓಣಿಯವರು ತಾಯಿಯನ್ನು ಗೋವಾದ ಬಾಯಿ ಎಂದು ಕರೆಯುತ್ತಿದ್ದರು. ನಾವು ಅವಳ ಭಾಷೆಯಲ್ಲೇ ಸೆನ್ಯೋರಾ ಎನ್ನುತ್ತಿದ್ದೆವು. ಆದರೆ ಅವನು ಊರು ಬಿಡುವ ಮೊದಲೇ ಇಲ್ಲಿ ಲಗ್ನವಾಗಿದ್ದ. ಆ ಮೊದಲ ಹೆಂಡತಿ ಮಾಲಗಾಂವದ ಎಲೆತೋಟದವರ ಮಗಳು. ಅವನು ಸಮುದ್ರದಾಚೆ ಇದ್ದಷ್ಟು ಕಾಲ ಅವನ ತಾಯಿಯನ್ನು ನೋಡಿಕೊಂಡು, ಆ ಮುದುಕಿ ತೀರಿದ ಮೇಲೂ ಮನೆ ಹಿಡಿದುಕೊಂಡು ಇದ್ದವಳು. ಮಕ್ಕಳಿರಲಿಲ್ಲ. ನಾವು ಅವಳನ್ನು ಕಾಕೂ ಎಂದು ಕರೆಯುತ್ತಿದ್ದೆವು. ಇಬ್ಬರು ಹೆಂಡಿರಿರುವುದು ಆಗ ನಾಚಿಕೆಯ ಮಾತೇನೂ ಆಗಿರಲಿಲ್ಲ. ಓಣಿಯವರು ನಾಲ್ಕು ದಿನ ಮಾತಾಡಿ ಸುಮ್ಮನಾಗಿದ್ದರು. ಹುಡುಗಿಯ ಹೆಸರು ಲುಸೀಯಾ. ಅದು ಕಾಕೂನ ಬಾಯಲ್ಲಿ ಲಸಮಿ ಆಗಿತ್ತು. ಹುಡುಗಿ ಎರಡಕ್ಕೂ ಓ ಅನ್ನುತ್ತಿದ್ದಳು.

ಸೆನ್ಯೋರಾಳಿಗೆ ಕನ್ನಡವಿಲ್ಲ, ಮರಾಠಿಯಿಲ್ಲ, ಇಂಗ್ಲಿಷೂ ಇಲ್ಲ. ಇಡೀ ಸೀಮೆಯಲ್ಲಿ ಅವಳ ಮಾತು ತಿಳಿಯುವವನು ಗಂಡ ಒಬ್ಬನೇ. ಹಾಗೇ ಇರಲಿ ಎಂಬುದೇ ಅವನ ಇಚ್ಛೆ. ಅವಳಿಗೆ ಎರಡು ಮಾತು ಕಲಿಸಬಾರದೇ ಎಂದು ನಮ್ಮಲ್ಲೊಬ್ಬ ಕೇಳಿದಾಗ, ಕಲಿತರೆ ಬಾಯಿ ಹೆಚ್ಚಾಗುತ್ತದೆ ಎಂದು ನಕ್ಕಿದ್ದ. ಆ ಮನೆಯಲ್ಲಿ ಯಾರು ಯಾರಿಗೆ ಏನು ಹೇಳಬೇಕಾದರೂ ಅವನ ಬಾಯಿಯಿಂದಲೇ ಹಾದು ಹೋಗಬೇಕಿತ್ತು. ಹುಡುಗಿ ಮಾತ್ರ ಓಣಿಯ ಮಕ್ಕಳಿಂದ ಅಷ್ಟಿಷ್ಟು ಕಲಿತಿದ್ದಳು. ಆದರೆ ಅಪ್ಪನ ಎದುರು ಬಾಯಿ ಬಿಡುತ್ತಿರಲಿಲ್ಲ.

ಅವನ ಬಾಯಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಕಂಡದ್ದು ರಕಾರದ ಪಾಠದಲ್ಲಿ. ನಮಗೆ ಒಂದು ಪದ ಸರಿಯಾಗಿ ಬರಲಿಲ್ಲವೆಂದು ಅವನು ಹೆಂಡತಿಯನ್ನು ಒಳಗಿನಿಂದ ಕರೆದ. ಒದ್ದೆ ಕೈಯಲ್ಲೇ ಬಂದು ನಿಂತಳು. ಹೇಳು ಎಂದ, ಹೇಳಿದಳು. ಇನ್ನೊಮ್ಮೆ ಎಂದ, ಹೇಳಿದಳು. ನಮ್ಮ ಕಡೆ ತಿರುಗಿ, ನೋಡ್ರಿ ಬೆಕ್ಕು ಹೆಂಗ ಗುರ್ ಗುರ್ ಅಂತದ ಎಂದ. ನಮ್ಮಲ್ಲಿ ಇಬ್ಬರು ನಕ್ಕರು. ಅವಳು ಗಂಡನ ಮುಖ ನೋಡಿದಳು. ನಿನ್ನ ದನಿ ಚಂದವಿದೆ ಎಂದು ಮೆಚ್ಚಿ ನಗುತ್ತಿದ್ದಾರೆ ಎಂದು ಅವಳ ಭಾಷೆಯಲ್ಲಿ ಹೇಳಿದ. ಅಷ್ಟು ತಿಳಿಯುವ ಮಟ್ಟಿಗೆ ನಾನು ಆಗಲೇ ಕಲಿತಿದ್ದೆ. ಅವಳು ನಾಚಿ, ತಲೆ ಬಾಗಿಸಿ, ನಮಗೆ ಧನ್ಯವಾದ ಹೇಳಿ ಒಳಗೆ ಹೋದಳು.

ಇನ್ನೊಂದು ಸಲ ಕಾಕೂ ನಮಗೆ ಅವಲಕ್ಕಿ ತಂದಿಟ್ಟು ಹೋದಾಗ, ಸೆನ್ಯೋರಾ ಅವಳ ಬೆನ್ನನ್ನು ನೋಡುತ್ತ ಮರುಕದಿಂದ ಗಂಡನಿಗೆ ಏನೋ ಅಂದಳು. ಅವನೂ ಮರುಕದಿಂದ ತಲೆ ಆಡಿಸಿದ. ಅವಳ ಮಾತಿನಲ್ಲಿ ಎರಡು ಪದ ನನ್ನ ಕಿವಿಯಲ್ಲಿ ಉಳಿದವು. ಮನೆಗೆ ಬಂದು, ಗೆಳೆಯನೊಬ್ಬ ಮುಂಬಯಿಯಿಂದ ತಂದಿದ್ದ ಹಳೆಯ ನಿಘಂಟಿನಲ್ಲಿ ನೋಡಿದೆ. ಒಂದಕ್ಕೆ ಅತ್ತಿಗೆ ಎಂದು ಅರ್ಥ, ಇನ್ನೊಂದಕ್ಕೆ ವಿಧವೆ. ಇಲ್ಲದ ಅಣ್ಣನೊಬ್ಬನನ್ನು ಹುಟ್ಟಿಸಿ, ಅವನನ್ನು ಸಾಯಿಸಿ, ತನ್ನ ತಾಳಿ ಕಟ್ಟಿಕೊಂಡವಳನ್ನು ಆ ಸತ್ತವನ ಹೆಂಡತಿ ಮಾಡಿ ಇವಳಿಗೆ ತೋರಿಸಿದ್ದ. ಕಾಕೂ ಹಣೆಯ ತುಂಬ ವಿಭೂತಿ, ಕುಂಕುಮ ಇಟ್ಟುಕೊಂಡು, ಕೈ ತುಂಬ ಹಸಿರು ಬಳೆ ಹಾಕಿಕೊಂಡು ಓಡಾಡುತ್ತಿದ್ದಳು. ಅದರ ಅರ್ಥ ಮಿರಜಿನಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು, ಸೆನ್ಯೋರಾಳೊಬ್ಬಳಿಗೆ ಬಿಟ್ಟು.

ಇನ್ನು ವ್ಯಾಕರಣದ ಮಾತು. ಅವನು ಕಲಿಸುತ್ತಿದ್ದದ್ದು ಅಂಗಡಿಯ ಭಾಷೆ. ಬಣ್ಣ, ಗಜ, ಬೆಲೆ, ಬರ್ರಿ, ಕುಂದ್ರಿ, ನೋಡ್ರಿ. ಗೆಳೆಯನ ಹತ್ತಿರವಿದ್ದ ಹಳೆಯ ವ್ಯಾಕರಣದ ಪುಸ್ತಕದಲ್ಲಿ ಕ್ರಿಯಾಪದದ ಇನ್ನೊಂದು ರೂಪದ ಬಗ್ಗೆ ಉದ್ದದ ಅಧ್ಯಾಯವಿತ್ತು. ಆಗಿರುವುದನ್ನಲ್ಲ, ಆಗಲಿ ಎಂದು ಬಯಸುವುದನ್ನು, ಆದೀತೇನೋ ಎಂದು ಅಂಜುವುದನ್ನು, ಆಗುವುದೋ ಇಲ್ಲವೋ ಎಂಬ ಸಂಶಯವನ್ನು ಹೇಳುವ ರೂಪ. ಗೆಳೆಯ ಅದನ್ನು ಕಲಿಸಿರಿ ಎಂದು ಪುಸ್ತಕ ಮುಂದೆ ಹಿಡಿದ. ಅವನು ಎಂಜಲು ಬೆರಳಿನಿಂದ ಅಷ್ಟೂ ಪುಟ ಒಮ್ಮೆಲೇ ಮಗುಚಿ ಹಾಕಿದ.

“ಅದು ಹೆಂಗಸರ ಮಾತು,” ಎಂದ. “ಬೇಡೂದು, ಅಂಜೂದು, ಹರಕಿ ಹೊರೂದು. ಅಂಗಡ್ಯಾಗ ಕುಂದ್ರೂ ಗಂಡಸಿಗೆ ಅದೇನು ಉಪಯೋಗ?”

ಅದನ್ನು ನನಗೆ ಕಲಿಸಿದವಳು ಸೆನ್ಯೋರಾ. ಒಂದು ರವಿವಾರ ನಾವು ಹೋದಾಗ ಅವನು ಊಟ ಮಾಡಿ ಮಲಗಿದ್ದ, ಗೊರಕೆ ಪಡಸಾಲೆಗೆ ಕೇಳುತ್ತಿತ್ತು. ಬಿಸಿಲಲ್ಲಿ ಬಂದ ನಮ್ಮನ್ನು ನೋಡಿ ಅವಳು ಬಾಗಿಲಿಗೆ ಬಂದು, ನೀರು ತರಲೇ ಎಂಬಂತೆ ಏನೋ ಕೇಳಿದಳು. ‘ತ್ರಾಯ್ಗೊ’ ಎಂದರೆ ತರುತ್ತೇನೆ, ಅದು ಗೊತ್ತಿತ್ತು. ಅವಳು ‘ತ್ರಾಯ್ಗಾ’ ಎಂದಿದ್ದಳು. ಎರಡಕ್ಕೂ ಏನು ವ್ಯತ್ಯಾಸ ಎಂದು ಹರಕುಮುರುಕು ಮಾತಿನಲ್ಲಿ ಕೇಳಿದೆ. ಅವಳಿಗೆ ಅಷ್ಟು ಖುಷಿಯಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ತುಂಬಿದ ತಂಬಿಗೆ ಹಿಡಿದುಕೊಂಡು ಒಳಗಿನಿಂದ ನಡೆದು ಬಂದಳು, ‘ತ್ರಾಯ್ಗೊ’ ಎಂದಳು. ತಂಬಿಗೆ ಕೆಳಗಿಟ್ಟಳು. ಬರಿಗೈ ಮುಂದೆ ಚಾಚಿ, ಹುಬ್ಬು ಮೇಲೆತ್ತಿ, ನಮ್ಮ ಮುಖಗಳನ್ನೇ ನೋಡುತ್ತ ‘ತ್ರಾಯ್ಗಾ?’ ಎಂದಳು. ನಮ್ಮ ಮನೆಯಲ್ಲಿ ಅವ್ವ ದಿನಾ ಕೇಳುವ ‘ನೀರ ತರ್ಲ್ಯಾ’ ಎಂಬುದರ ದನಿಯೇ ಅದು. ತಂದದ್ದಲ್ಲ, ನೀವು ಹೂಂ ಅಂದರೆ ತರುವುದು.

ಹುಡುಗಿಯನ್ನು ಕರೆದು ಇನ್ನೊಂದು ತೋರಿಸಿದಳು. ತನ್ನ ಎದೆ ಮುಟ್ಟಿಕೊಂಡು ‘ಕಿಯೇರೊ ಕೊಮೇರ್’ ಎಂದಳು. ನನಗೆ ಉಣ್ಣಬೇಕು. ಆಮೇಲೆ ತನ್ನ ಎದೆ ಮುಟ್ಟಿಕೊಂಡು, ಮಗಳ ಬಾಯಿಯ ಕಡೆ ಬೆರಳು ತೋರಿಸಿ ‘ಕಿಯೇರೊ ಕೆ ಕೋಮಾಸ್’ ಎಂದಳು. ನೀನು ಉಣ್ಣಲಿ ಎಂದು ನನ್ನ ಆಸೆ. ಬಯಸುವವರು ಒಬ್ಬರು, ಮಾಡಬೇಕಾದವರು ಇನ್ನೊಬ್ಬರು ಆದ ಕೂಡಲೇ ಕ್ರಿಯಾಪದದ ತುದಿ ತಿರುಗಿಕೊಂಡಿತು. ತ್ರಾಯ್ಗಾ, ಕೋಮಾ, ವಾಯಾ: ತರಲಿ, ಉಣ್ಣಲಿ, ಹೋಗಲಿ. ಬಯಕೆ ಬಂದಾಗ ಕೊನೆಗೆ ‘ಆ’ ಬರುತ್ತದೆ ಎಂದು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಅದರ ನಂತರ ನನ್ನ ಕಿವಿ ತೆರೆಯಿತು. ಅವಳ ಮಾತೆಲ್ಲ ಬಹುಮಟ್ಟಿಗೆ ಆ ರೂಪದಲ್ಲೇ ನಡೆಯುತ್ತಿತ್ತು. ಮಗಳು ಬೀಳದಿರಲಿ, ಮಗಳಿಗೆ ನಿದ್ದೆ ಬರಲಿ, ತಂಗಿಯ ಪತ್ರ ಬರಲಿ. ಪತ್ರದ ಮಾತು ಬಂದಾಗಲೆಲ್ಲ ಮೊದಲಿಗೆ ‘ಓಹಾಲಾ’ ಎನ್ನುತ್ತಿದ್ದಳು, ಹಾಗಾದರೆ ಸಾಕು ಎಂಬ ಅರ್ಥದಲ್ಲಿ. ಪಕ್ಕದ ಮನೆಯಲ್ಲಿ ಸಿತಾರ ಮಾಡುವವರ ಮುದುಕಿ ಅದನ್ನು ಕೇಳಿ, ಈ ಬಾಯಿ ನಮ್ಮ ಹಂಗ ಅಲ್ಲಾನ ಹೆಸರು ತಗೋತಾಳ ಎಂದು ನಂಬಿಕೊಂಡು, ಹಬ್ಬಕ್ಕೆ ಶೀರ್‌ಖುರ್ಮಾ ಕಳಿಸುತ್ತಿದ್ದಳು. ಆ ಬಟ್ಟಲನ್ನೂ ಗಂಡನೇ ಖಾಲಿ ಮಾಡುತ್ತಿದ್ದ.

ಅವನು ಎದ್ದು ಬಂದು, ಹೆಂಡತಿ ನಮಗೆ ಪಾಠ ಹೇಳುತ್ತಿರುವುದನ್ನು ಕಂಡಾಗ ಕೂಗಾಡಲಿಲ್ಲ. ಸಿಹಿಯಾಗಿ ಅವಳನ್ನು ಒಳಗೆ ಕಳಿಸಿದ. ಇನ್ನು ಮುಂದೆ ತಾನು ಏಳುವವರೆಗೆ ಹೊರಗಿನ ಕಟ್ಟೆಯ ಮೇಲೆ ಕುಳಿತಿರಬೇಕು ಎಂದು ನಮಗೆ ಹೇಳಿದ. ಆದರೂ ಹುಡುಗಿ ಕಟ್ಟೆಗೆ ಆಡಲು ಬರುತ್ತಿದ್ದಳು, ಅವಳ ಹಿಂದೆ ತಾಯಿಯ ದನಿಯೂ ಬರುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಹುಡುಗಿಗೆ ಹನ್ನೆರಡರ ಆಸುಪಾಸು ಆಗಿರಬೇಕು. ಒಂದು ದಿನ ಪಾಠ ಮುಗಿದ ಮೇಲೆ, ಮುಂದಿನ ರವಿವಾರ ಕೋಟು ಟೊಪ್ಪಿಗೆ ಹಾಕಿಕೊಂಡು ಬರ್ರಿ, ಮನೆಯಲ್ಲಿ ಹಿರಿಯರು ಕೂಡುತ್ತಾರೆ ಎಂದ. ತನಗೆ ಶಿಷ್ಯರಿದ್ದಾರೆ ಎಂಬುದು ನಾಲ್ಕು ಜನರ ಕಣ್ಣಿಗೆ ಬೀಳಬೇಕಿತ್ತು. ಏನು ಕಾರಣ ಎಂದು ನಮಗೆ ಹೇಳಲಿಲ್ಲ. ಹೋಗಿ ನೋಡಿದರೆ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ನಮ್ಮ ಸಮಾಜದ ಹಿರಿಯರು ನಾಲ್ಕೈದು ಮಂದಿ ಇದ್ದರು. ಅವರ ನಡುವೆ ಜರಿ ರುಮಾಲು ಸುತ್ತಿದ ಒಬ್ಬ ಮನುಷ್ಯ, ನಮ್ಮಪ್ಪನ ವಾರಿಗೆಯವನು, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತಿದ್ದ. ಬಟ್ಟೆ ವ್ಯಾಪಾರದವನು, ಇಬ್ಬರು ಹೆಂಡಿರನ್ನು ಕಳೆದುಕೊಂಡವನು. ಬೆಳ್ಳನೆಯ ಹುಡುಗಿ ಬೇಕು ಎಂದು ಹುಡುಕುತ್ತಿದ್ದವನಿಗೆ ನಮ್ಮ ಮಾಸ್ತರ ತನ್ನ ಮಗಳನ್ನು ಕೊಡಲು ಒಪ್ಪಿದ್ದ. ಅದಕ್ಕೆ ಪ್ರತಿಯಾಗಿ ಆ ಮನುಷ್ಯನ ಅಂಗಡಿಯಲ್ಲಿ ಪಾಲುಗಾರನಾಗುವವನಿದ್ದ. ಇದೆಲ್ಲ ಪಕ್ಕದಲ್ಲಿ ಕುಳಿತವರ ಪಿಸುಮಾತಿನಿಂದ ನನಗೆ ತಿಳಿಯಿತು.

ತೊಡಕಿದ್ದದ್ದು ಒಂದೇ. ಹುಡುಗಿ ಕ್ರಿಸ್ತರ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದವಳು. ಮೊದಲು ಅವಳಿಗೆ ದೀಕ್ಷೆ ಕೊಡಿಸಿ ಕೊರಳಿಗೆ ಲಿಂಗ ಕಟ್ಟಬೇಕು, ಆಮೇಲೆ ಲಗ್ನದ ಮಾತು. ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದವರು ನಿಧಾನಸ್ಥರು, ಅವರು ಇದೊಂದು ಪಟ್ಟು ಹಿಡಿದರು.

“ತಾಯೀನ್ನ ಕೇಳ್ರಿ ಮೊದಲ,” ಎಂದರು. “ದೀಕ್ಷಾಕ್ಕೂ, ಲಗ್ನಕ್ಕೂ ಆಕಿ ಹೂಂ ಅನ್ಬೇಕು. ಆಮ್ಯಾಲೆ ನಮ್ಮ ಮಾತು.”

ಅವನು ಹೆಂಡತಿಯನ್ನು ಕರೆದ. ಸೆನ್ಯೋರಾ ಕಾಕೂನ ಒಂದು ಸೀರೆ ಉಟ್ಟುಕೊಂಡು ಬಂದಳು, ಮಗಳು ಅವಳ ಬೆನ್ನಿಗಿದ್ದಳು. ಯಾಕೆ ಇಷ್ಟು ಜನ ಕೂಡಿದ್ದಾರೆ ಎಂಬುದು ಅವಳಿಗೆ ಗೊತ್ತಿಲ್ಲ ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಎಲ್ಲರಿಗೂ ಕೈ ಮುಗಿದಳು. ಅವನು ಜೇಬಿನಿಂದ ಅತ್ತರಿನ ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡು, ನಾನು ಎಂದೂ ಕೇಳದಷ್ಟು ಮೃದುವಾದ ದನಿಯಲ್ಲಿ ಕೇಳಿದ:

“ಕಿಯೇರೆಸ್ ಕೆ ಲಾ ನೀನ್ಯಾ ಸೇಆ ಫೆಲೀಸ್?”

ನಮ್ಮ ಹುಡುಗಿ ಸುಖವಾಗಿರಲಿ ಎಂದು ನಿನ್ನ ಆಸೆಯೇ? ಅವನು ಕೇಳಿದ್ದು ಇಷ್ಟೇ. ದೀಕ್ಷೆಯ ಮಾತಿಲ್ಲ, ಲಗ್ನದ ಮಾತಿಲ್ಲ, ಜರಿ ರುಮಾಲಿನವನ ಮಾತಿಲ್ಲ. ಅವಳಿಗೆ ಇಂಥ ಪ್ರಶ್ನೆ ಕೇಳುತ್ತಾರಲ್ಲ ಎಂದು ಆಶ್ಚರ್ಯವಾದಂತೆ ಕಂಡಿತು. ಕೂಡಿದ ಮಂದಿ ಮಗಳಿಗೆ ಆಶೀರ್ವಾದ ಮಾಡಲು ಬಂದಿದ್ದಾರೆ ಎಂದುಕೊಂಡಿರಬೇಕು. ಮಗಳ ತಲೆಯ ಮೇಲೆ ಕೈಯಿಟ್ಟು, ನಗುತ್ತ, ಹಿರಿಯರನ್ನೇ ನೋಡಿ ಹೇಳಿದಳು. ಕ್ಲಾರೊ, ಕೆ ಸೇಆ ಫೆಲೀಸ್. ಮತ್ತೇನು, ಸುಖವಾಗಿರಲಿ.

ಅವನು ಹಿರಿಯರ ಕಡೆ ತಿರುಗಿದ.

“ಆಗಲಿ ಅಂತಾಳ್ರಿ,” ಎಂದ.

ಆ ಕ್ಷಣದಲ್ಲಿ ನನಗಾದ ಹೇಸಿಕೆಯನ್ನು ಹೇಗೆ ಹೇಳಲಿ ಎಂದು ಇಷ್ಟು ವರ್ಷವಾದರೂ ತಿಳಿದಿಲ್ಲ. ಬಾಯಿಗೆ ಬಂದ ಸುಳ್ಳನ್ನು ಹೇಳಿದ್ದರೆ ಅದೊಂದು ಮಾತು. ಇವನು ಹೆತ್ತವಳ ಹಾರೈಕೆಯನ್ನೇ ಎತ್ತಿಕೊಂಡು ಅದನ್ನು ಮಗಳ ಮಾರಾಟದ ಒಪ್ಪಿಗೆ ಮಾಡಿದ್ದ. ಅವಳೂ ‘ಲಿ’ ಎಂದಿದ್ದಳು, ಇವನೂ ‘ಲಿ’ ಎಂದ. ಯಾರಾದರೂ ತಪ್ಪು ಹಿಡಿದರೆ, ನಾನು ಪದಕ್ಕೆ ಪದ ಹೇಳಿದ್ದೇನೆ ಎಂದು ಎದೆ ತಟ್ಟಿಕೊಳ್ಳಬಹುದಿತ್ತು. ಹಿರಿಯರು ಸಮಾಧಾನದಿಂದ ತಲೆ ಆಡಿಸಿದರು. ಜರಿ ರುಮಾಲಿನವನು ತೊಡೆಯ ಮೇಲಿನ ಕೈ ತೆಗೆದು ಮೀಸೆ ಮುಟ್ಟಿಕೊಂಡ.

ನಾನು ಎದ್ದು ನಿಂತೆ. ಮನಸ್ಸಿನಲ್ಲಿ ಪದಗಳನ್ನು ಜೋಡಿಸಿಕೊಂಡೆ. ಬಯಸುವವನು ಒಬ್ಬ, ಮಾಡಬೇಕಾದವಳು ಇನ್ನೊಬ್ಬಳು. ಹೆಂಗಸರ ಮಾತು ಎಂದು ಅವನು ಮಗುಚಿ ಹಾಕಿದ್ದ ರೂಪವಿಲ್ಲದೆ ಆ ವಾಕ್ಯ ನಿಲ್ಲುತ್ತಿರಲಿಲ್ಲ.

“ಸೆನ್ಯೋರಾ,” ಎಂದೆ, “ಎಲ್ ಕಿಯೇರೆ ಕೆ ಲಾ ನೀನ್ಯಾ ಸೆ ಕಾಸಾ.” ಹುಡುಗಿ ಮದುವೆಯಾಗಲಿ ಎಂಬುದು ಇವರ ಇಚ್ಛೆ.

ಅವಳ ನಗು ಹಾಗೇ ಮುಖದ ಮೇಲೆ ಉಳಿಯಿತು, ಕಣ್ಣು ಮಾತ್ರ ಬದಲಾಯಿತು. ಯಾರ ಜೊತೆ ಎಂದು ಸಣ್ಣ ದನಿಯಲ್ಲಿ ಕೇಳಿದಳು. ನಾನು ಬೆರಳು ತೋರಿಸಿದೆ. ಅವಳು ಜರಿ ರುಮಾಲಿನವನನ್ನು ನೋಡಿದಳು, ಗಂಡನನ್ನು ನೋಡಿದಳು, ಮಗಳನ್ನು ಎಳೆದು ತನ್ನ ಮೈಗೆ ಒತ್ತಿಕೊಂಡಳು. ಆಮೇಲೆ ‘ನೋ’ ಎಂದಳು. ಆ ಪದವನ್ನು ಯಾರೂ ಯಾರಿಗೂ ತಿಳಿಸಿ ಹೇಳುವ ಅವಶ್ಯಕತೆಯಿರಲಿಲ್ಲ.

ಹಿರಿಯರು ನನ್ನನ್ನು ಏನು ಸಂಗತಿ ಎಂದು ಕೇಳಿದರು. ಅವನು ಕೇಳಿದ್ದೇನು, ಅವಳು ಹೇಳಿದ್ದೇನು, ಎರಡನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಜಾಣ ಶಿಷ್ಯನ ಅವಸರವನ್ನು ಮನ್ನಿಸುವವನ ಹಾಗೆ ನಕ್ಕ.

“ಹುಡುಗ ಅರ್ಧಮರ್ಧ ಕಲ್ತಾನ್ರಿ,” ಎಂದ. “ಈ ಬಯಕಿ ಮಾತು ಬಾಳ ನಾಜೂಕ ಇರ್ತಾವು. ಇವಗ ಇನ್ನೂ ಅವನ್ನ ಕಲಿಸಿಲ್ಲ ನಾನು.”

ಹಿರಿಯರು ಅನುಮಾನದಿಂದ ನನ್ನನ್ನೂ ಅವನನ್ನೂ ನೋಡಿದರು. ಒಂದು ಕಡೆ ದೇಶ ಸುತ್ತಿ ಬಂದ ಮಾಸ್ತರ, ಇನ್ನೊಂದು ಕಡೆ ಅರಿಶಿನದ ಅಂಗಡಿಯ ಹುಡುಗ. ಮಾತು ಅವನ ಕಡೆಗೇ ವಾಲುತ್ತಿತ್ತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಕಾಕೂ ಹೊರಗೆ ಬಂದಳು. ಗಂಡಸರು ಕೂತಲ್ಲಿಗೆ ಅವಳು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ತಲೆಯ ಮೇಲೆ ಸೆರಗಿತ್ತು, ದನಿಯಲ್ಲಿ ಅಳುಕಿರಲಿಲ್ಲ.

“ಹಿರ್ಯಾರ, ಆ ಹುಡುಗ ಹೇಳೂದು ಖರೆ ಐತ್ರಿ,” ಎಂದಳು. “ಈ ಮನಿಗೆ ಬಂದಾಗಿಂದ ಈಕಿ ನನ್ನ ಮ್ಯಾಲೆ ಕನಿಕರ ತೋರಸ್ತಾಳ. ನನ್ನ ಕೈ ಹಿಡಕೊಂಡು ಕಣ್ಣೀರ ತಗೀತಾಳ. ಗಂಡ ಜೀವಂತ ಇರೂ ಮುತ್ತೈದಿ ಮ್ಯಾಲೆ ಯಾರರ ಹಂಗ ಕನಿಕರ ತೋರಸ್ತಾರೇನ್ರಿ? ನಾ ಯಾರಂತ ಹೇಳ್ಯಾರ ಇವ್ರು ಈಕಿಗೆ?”

ಕಾಕೂ ನನ್ನ ಕಡೆ ತಿರುಗಿದಳು.

“ತಮ್ಮಾ, ನಾ ಯಾರು ಅನ್ನೂದು ಆಕಿಗೆ ಹೇಳು.”

ಅದಕ್ಕೆ ಬಯಕೆಯ ರೂಪವೂ ಬೇಕಿರಲಿಲ್ಲ, ನಾಜೂಕೂ ಬೇಕಿರಲಿಲ್ಲ. ಇವಳು ಇವರ ಹೆಂಡತಿ ಎಂಬ ಅತ್ಯಂತ ಸರಳ ವಾಕ್ಯ. ಹೇಳಿದೆ. ಸೆನ್ಯೋರಾ ಬಹಳ ಹೊತ್ತು ಕಾಕೂನ ಹಣೆಯನ್ನು, ಕೊರಳನ್ನು, ಬಳೆಗಳನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ಆಮೇಲೆ ಗೋಡೆಗೆ ಆತುಕೊಂಡು ಕೆಳಕ್ಕೆ ಜಾರಿದಳು. ಕಾಕೂ ಬಗ್ಗಿ, ಅವಳ ಕಂಕುಳಲ್ಲಿ ಕೈ ಹಾಕಿ ಎಬ್ಬಿಸಿ, ಇನ್ನೊಂದು ಕೈಯಲ್ಲಿ ಹುಡುಗಿಯನ್ನು ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಗಳಿ ಬಿದ್ದ ಸಪ್ಪಳ ಕೇಳಿತು.

ವಯಸ್ಸಾದ ಹಿರಿಯರು ತಮ್ಮ ಕೋಲು ಹುಡುಕಿಕೊಂಡು ಎದ್ದರು. ನಡೀರಿ ಎಂದರು, ಅಷ್ಟೇ. ಉಳಿದವರೂ ಎದ್ದರು. ಜರಿ ರುಮಾಲಿನವನು ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿಕೊಂಡ. ಮಾಸ್ತರ ಮಾತ್ರ ಜಮಖಾನೆಯ ಮೇಲೆ ಕುಳಿತೇ ಇದ್ದ. ನಾವು ಹೊರಡುವಾಗ ತಾಟಿನಲ್ಲಿ ಉಳಿದಿದ್ದ ಎಲೆ ಅಡಿಕೆಯನ್ನು ಮಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಆ ವಾರದಲ್ಲೇ ಕಾಕೂನ ತಮ್ಮ ಮಾಲಗಾಂವದಿಂದ ಚಕ್ಕಡಿ ತಂದು ಮೂವರನ್ನೂ ಕರೆದುಕೊಂಡು ಹೋದ. ತಡೆಯಲು ಅವನು ಒಂದು ಮಾತೂ ಆಡಲಿಲ್ಲವಂತೆ. ಟ್ರಂಕು ಹೇಗೆ ಇಟ್ಟರೆ ಚಕ್ಕಡಿ ವಾಲುವುದಿಲ್ಲ ಎಂದು ಬಾಗಿಲಲ್ಲಿ ನಿಂತು ಬುದ್ಧಿ ಹೇಳಿ, ಸೆನ್ಯೋರಾ ಬಿಸಿಲಿಗೆ ಹಿಡಿದಿದ್ದ ಛತ್ರಿ ತನ್ನದು ಎಂದು ಅವಳ ಕೈಯಿಂದ ಇಸಿದುಕೊಂಡನಂತೆ. ಇದನ್ನು ನನಗೆ ಹೇಳಿದವಳು ಪಕ್ಕದ ಮನೆಯ ಮುದುಕಿ. ಹೇಳುವಾಗ ಅವಳು ಎರಡು ಸಲ ನೆಲಕ್ಕೆ ಉಗುಳಿದಳು.

ನನ್ನ ಹಡಗಿನ ಕನಸು ಅಲ್ಲಿಗೇ ಮುಗಿಯಿತು, ಹಿಂದೆಯೇ ಮಹಾಯುದ್ಧವೂ ಬಂತು. ನಾನು ಅರಿಶಿನದ ಅಂಗಡಿಯಲ್ಲೇ ಉಳಿದೆ. ಮಾಲಗಾಂವಕ್ಕೆ ಆಗಾಗ ಅವ್ವನ ಜೊತೆ ಹೋಗಿ ಬರುತ್ತಿದ್ದೆ. ಸೆನ್ಯೋರಾ ಕಾಕೂನ ಜೊತೆ ತೋಟದಲ್ಲಿ ಎಲೆ ಕೊಯ್ದು, ಕಟ್ಟು ಕಟ್ಟುವುದನ್ನು ಕಲಿತಳು. ವರ್ಷ ಒಪ್ಪತ್ತಿನಲ್ಲಿ ನಮ್ಮ ಕನ್ನಡವನ್ನು ತನ್ನ ರಕಾರದೊಂದಿಗೆ ಆಡತೊಡಗಿದಳು. ‘ಬರ್ರಿ’ ಎಂಬ ಮಾತು ಅವಳ ಬಾಯಲ್ಲಿ ನಮಗಿಂತ ಉದ್ದವಾಗಿ ಗುಡುಗುತ್ತಿತ್ತು. ತಂಗಿಯ ಪತ್ರ ಯುದ್ಧ ಮುಗಿದ ಮೇಲೆ ಬಂತು. ಹೋಗುತ್ತೀರೇನು ಎಂದು ಕೇಳಿದ್ದಕ್ಕೆ ಕಾಕೂನ ಕಡೆ ನೋಡಿದಳು. ಹೋಗಲಿಲ್ಲ. ಹುಡುಗಿ ಶಾಲೆ ಕಲಿತು, ಮಿರಜಿನಲ್ಲಿ ನರ್ಸಿನ ಕೆಲಸಕ್ಕೆ ಸೇರಿದಳು.

ಅವನಿಗೆ ಏನಾಯಿತು? ಏನೂ ಆಗಲಿಲ್ಲ. ಊರು ಬಹಳ ದಿನ ನೆನಪಿಟ್ಟುಕೊಳ್ಳಲಿಲ್ಲ. ಗಂಡ ಹೆಂಡತಿಯ ಜಗಳ ಯಾವ ಮನೆಯಲ್ಲಿಲ್ಲ ಎಂದರು, ವಿದ್ವಾಂಸರು ಸಂಸಾರದಲ್ಲಿ ಹಾಗೇ ಎಂದರು. ಹೊಸ ಶಿಷ್ಯರು ಬಂದರು. ಪರದೇಶದ ಜನಜೀವನದ ಮೇಲೆ ಅವನಿಂದ ಭಾಷಣ ಮಾಡಿಸಿ ಶಾಲು ಹೊದಿಸಿದರು. ಅಲ್ಲಿಯ ಹೆಂಗಸರು ಎಷ್ಟು ನಂಬಿಗಸ್ಥರು ಎಂದು ಅವನು ವರ್ಣಿಸುವುದನ್ನು ಕೇಳಿ ಬಂದವರೊಬ್ಬರು ನಮ್ಮ ಅಂಗಡಿಯಲ್ಲಿ ಕುಳಿತು ಹೊಗಳಿದರು. ಆ ದಿನ ನನಗೆ ಊಟ ಸೇರಲಿಲ್ಲ.

ಕೊನೆಯ ಸಲ ಅವನನ್ನು ಕಂಡದ್ದು ಮಿರಜ ಜಂಕ್ಷನ್ನಿನಲ್ಲಿ, ಸಂಸ್ಥಾನಗಳು ಇನ್ನು ಉಳಿಯುವುದಿಲ್ಲ ಎಂದು ಎಲ್ಲರೂ ಮಾತಾಡುತ್ತಿದ್ದ ದಿನಗಳಲ್ಲಿ. ನಾನು ಅಂಗಡಿಯ ಕೆಲಸಕ್ಕೆ ಪುಣೆಗೆ ಹೊರಟಿದ್ದೆ. ಬೆನ್ನ ಮೇಲೆ ಒಂದು ಕೈ ಬಿತ್ತು. ಕೂದಲು ಉದುರಿತ್ತು, ಎಣ್ಣೆ ಕಡಿಮೆಯಾಗಿರಲಿಲ್ಲ. ಏನು ತಮ್ಮಾ, ಅರಾಮ ಇದ್ದೀ ಏನು ಎಂದು ಬಾಯಿ ತುಂಬ ಮಾತಾಡಿಸಿದ. ಅಪ್ಪನನ್ನು ಕೇಳಿದ, ಅರಿಶಿನದ ಪೇಟೆಯನ್ನು ಕೇಳಿದ. ಸ್ಟೇಶನ್ನಿನಿಂದ ಕೂಗಳತೆಯಲ್ಲಿ ಮಗಳು ಕೆಲಸ ಮಾಡುತ್ತಿದ್ದಳು, ಅವಳನ್ನು ಕೇಳಲಿಲ್ಲ. ಕಾಕೂನ ಮಾತಿಲ್ಲ, ಸೆನ್ಯೋರಾಳ ಮಾತಿಲ್ಲ. ಆಮೇಲೆ ನನ್ನ ಮುಂಗೈ ಹಿಡಿದುಕೊಂಡು ಹತ್ತಿರ ಬಗ್ಗಿದ.

“ಅವತ್ತ ಮನ್ಯಾಗ ನೀ ಒಂದ ತಪ್ಪ ಮಾಡಿದಿ,” ಎಂದ.

ಮನೆ ಮುರಿದೆ ಎಂದು ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಅವನ ಮೇಲೆ ಎಳ್ಳಷ್ಟಾದರೂ ಗೌರವ ಬರುತ್ತಿತ್ತೋ ಏನೋ.

“‘ಸೆ ಕಾಸಾ’ ಅಂದಿ ನೀನು. ‘ಸೆ ಕಾಸೆ’ ಅನ್ಬೇಕಾಗಿತ್ತು. ಎಲ್ಲಾ ಕಡೆ ಕೊನೀಗೆ ‘ಆ’ ಹಚ್ಚೂದಲ್ಲ ಅದು. ಮೊದಲ ‘ಎ’ ಇದ್ರ ‘ಆ’ ಆಗತದ, ಮೊದಲ ‘ಆ’ ಇದ್ರ ‘ಎ’ ಆಗತದ. ಬಾಕಿ ಎಲ್ಲಾ ಬರೋಬರಿ ಇತ್ತು. ಉಚ್ಚಾರ ಅಂತೂ ಛಲೋ ಇತ್ತು.”

ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಆಮೇಲೆ ಪುಸ್ತಕ ತೆಗೆದು ನೋಡಿದೆ. ಅಲ್ಲಿ ನಿಂತಾಗ ಮಾತ್ರ ಮುಂಗೈ ಬಿಡಿಸಿಕೊಂಡೆ. ಆ ಪಡಸಾಲೆಯಲ್ಲಿ ಒಬ್ಬ ಹೆಂಡತಿ ಗೋಡೆ ಹಿಡಿದು ಕುಸಿದಿದ್ದಳು. ಇನ್ನೊಬ್ಬ ಹೆಂಡತಿ ನಾನು ಯಾರು ಎಂದು ಪರರ ಮುಂದೆ ಕೇಳಿದ್ದಳು. ಮಗಳು ಯಾರ ಸೆರಗು ಹಿಡಿಯಬೇಕೋ ತಿಳಿಯದೆ ನಿಂತಿದ್ದಳು. ಆ ಹೊತ್ತಿನಲ್ಲಿ ಇವನ ಆ ಅಸಾಧಾರಣ ಕಿವಿಗೆ ಬಿದ್ದದ್ದು ಒಂದು ಪದದ ಕೊನೆಯ ಸ್ವರ. ಆ ಸಂಜೆಯಿಂದ ಅವನು ತನ್ನ ಹತ್ತಿರ ಉಳಿಸಿಕೊಂಡದ್ದೂ ಅದೊಂದನ್ನೇ.

ಗಾಡಿ ಬಂತು. ನೂಕುನುಗ್ಗಲಿನಲ್ಲಿ ಅವನು ಚುರುಕಾಗಿ ಹತ್ತಿ, ಕಿಟಕಿಯ ಪಕ್ಕ ಕುಳಿತು, ಬಗಲಿನ ಜಾಗದ ಮೇಲೆ ಕರವಸ್ತ್ರ ಹಾಸಿ ನನ್ನನ್ನು ಕೈ ಮಾಡಿ ಕರೆದ.

“ಬಾ, ನಿನಗ ಜಾಗಾ ಹಿಡದೇನಿ.”

ನನ್ನ ಜೇಬಿನಲ್ಲಿ ಪುಣೆಯ ಟಿಕೀಟಿತ್ತು. ನಾನು ಪ್ಲಾಟ್‌ಫಾರ್ಮಿನ ನಲ್ಲಿಯ ಹತ್ತಿರ ಹೋಗಿ, ಅವನು ಹಿಡಿದಿದ್ದ ಮುಂಗೈಯನ್ನು ನೀರಿಗೆ ಒಡ್ಡಿ ತೊಳೆಯುತ್ತ ನಿಂತೆ. ಗಾಡಿ ಹೋಗುವವರೆಗೆ ಹಿಂತಿರುಗಿ ನೋಡಲಿಲ್ಲ.